ಅಂಚಿನ ಎಳಿ

ಅಡಕಿಯಂಥ ಗ್ರಂಥಿ, ಅದರಾಗೊಂದು ಗಂಟು.
ಡಾಕ್ಟರ್ ದೇಗಾಂವಕರ ಬಿಳಿ ಹಾಳಿ ಮ್ಯಾಲ
ಚಿತ್ರಾ ತಗದು ತೋರಿಸಿದ್ರು:
ಇದು ಮೂತ್ರದ ಚೀಲ, ಇದು ಕೆಳಗಿನ ಪ್ರೋಸ್ಟೇಟು,
ಎರಡೂ ಮಗ್ಗಲಕ ಕೂದಲದಂಥ ನರ.
ಅವು ಕಡದ್ರ... ಅಂತ ಅರ್ಧಕ್ಕ ನಿಂತು
ಪೆನ್ನಿಗೆ ಟೊಪಗಿ ಹಾಕಿದ್ರು.

ನಾ ರೇವಣಸಿದ್ಧ. ಅಕ್ಕಲಕೋಟ ರಸ್ತೆಯ ಶೆಡ್ಡಿನಾಗ
ಇಪ್ಪತ್ತು ಮಗ್ಗ, ಟರ್ಕಿ ಟಾವೆಲ್.
ನಡುವಿನ ಎಳಿ ಹರದ್ರ ಗಂಟ ಹಾಕಬಹುದು.
ಅಂಚು ಹ್ವಾದ ಅರಬಿ
ಒಗದಂಗ ಒಗದಂಗ ಬಿಚ್ಚಿಕೋತ ಹೋಗ್ತದ.
ಸೊಲ್ಲಾಪುರದಾಗ ಇದನ್ನ
ನನಗ್ಯಾರೂ ಚಿತ್ರಾ ತಗದು ಹೇಳೂದು ಬ್ಯಾಡ.

ಕೊಯ್ಸೂದೋ, ಕಿರಣ ಬಿಡಿಸೂದೋ, ಸುಮ್ಮ ಕಾಯೂದೋ.
ಮೂರು ತಿಂಗಳು ಈ ಮಾತು ನನ್ನ ಕೂಡ
ಉಂಡವು, ಮಲಗಿದವು, ನಡುರಾತ್ರಿ ಎದ್ದು
ಬಚ್ಚಲಕ್ಕ ಹೋಗಿ ಬಂದವು.
‘ಮಾಲಕ, ಕೆಟ್ಟ ಬೇರಿಂಗು ಯಾಕ ಇಟಕೋತೀರಿ, ತಗಸ್ರಿ’
ಅಂದ ಜಾಬರ್ ದಸ್ತಗೀರ.
ಈ ವಯಸ್ಸಿಗೆ ಕಾದ್ರೇನಾತು ಅಂದಾಂವ
ಬಾಳಿವೇಸಿನ ಔಷಧ ಅಂಗಡಿಯಾಂವ.
ಅಂವಗ ಮೂವತ್ತು.

ಕಡೀಕ ಯಾರೋಸ್ಲಾವ್.
ಪ್ರಾಗಿನಾಂವ, ಹದಿನೇಳು ವರ್ಷ ನನ್ನ ಮಾಲು ಕೊಂಡಾಂವ,
ತೂಕ, ದರ, ಬಣ್ಣ ಬಿಟ್ಟು
ಬ್ಯಾರೆ ಒಂದು ಮಾತು ಆಡದಾಂವ.
ಮಾಲು ತಡಾ ಯಾಕ ಅಂತ ಫೋನು ಮಾಡಿದಾಗ
ನಾ ಯಾಕೋ ಖರೇ ಹೇಳಿಬಿಟ್ಟೆ.
ಆ ಕಡಿಂದ ಬಹಳ ಹೊತ್ತು ಸಪ್ಪಳಿಲ್ಲ.
ಆಮ್ಯಾಲೆ: ‘ನನಗೂ ಆಗಿತ್ತು. ಪ್ರೋಟಾನ್. ಬಾ.’

ಭೌರಮ್ಮ ಶೇಂಗಾ ಹಿಂಡಿ ಕುಟ್ಟಾಕ ಹತ್ತಿದ್ದಳು.
‘ಆ ನರದ ಚಿಂತಿ ಇನ್ನ ನಿಮಗ್ಯಾಕ’ ಅಂದಳು.
ಒನಕಿ ಮಾತ್ರ ಎರಡು ಏಟು ತಪ್ಪಿತು.
ಆ ಎರಡು ಏಟಿನ ನಡುವ ನಾ ಮಗ್ಗ ಮಾರಿದೆ.
ಎಂಟು ಮಗ್ಗ, ಗುಜರಿ ದರ, ಕಿಲೋ ಲೆಕ್ಕ.

ಅಲ್ಲಿ ನರ್ಸು ಗ್ಲಾಸಿನ ಮ್ಯಾಲ ಗ್ಲಾಸು ನೀರು ಕೊಟ್ಟಳು.
ಕುಡಿ, ಹಿಡಕೋ, ಬಿಡಬ್ಯಾಡ ಅಂತ ಕೈಸನ್ನಿ.
ಚೀಲ ತುಂಬಿದ್ರ ಕರುಳು ಮ್ಯಾಲ ಸರೀತದಂತ,
ಕಿರಣಕ್ಕ ದಾರಿ ಬಿಡ್ತದಂತ.
ಐದು ದಿವಸಕ್ಕೊಮ್ಮೆ ನಳಾ ಬರೋ ಊರಾಂವಗ
ತುಂಬಿ ಇಡೂದು ಕಲಸಬೇಕೇನು?
ಹಂಡೆ, ಬ್ಯಾರಲ್, ಕೊಡ, ಕಡೀಕ ಚರಿಗಿ ತುಂಬಿಸಿದಂಗ
ತುಂಬಿಕೊಂಡು ಮಲಗಿದೆ.

ಯಂತ್ರ ಸುತ್ತ ತಿರುಗಿ ಬಂತು. ಸಪ್ಪಳಿಲ್ಲ.
ನಲವತ್ತಾರು ವರ್ಷ ಮಗ್ಗದ ಗದ್ದಲಕ್ಕ
ಅರ್ಧ ಕಿವಿ ಕೊಟ್ಟಾಂವ ನಾನು,
ಕೆಲಸ ನಡದದ ಅನ್ನೂದು ನನಗ
ಸಪ್ಪಳದಿಂದನ ಗೊತ್ತು.
ಇಲ್ಲಿ ಲಾಳಿ ಇಲ್ಲದ ಒಂದು ಹೊಕ್ಕು
ನನ್ನೊಳಗ ಹೋತು,
ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು ಅಂತ ಅವರಂದ್ರು.
ನಿಮಿಷಕ್ಕ ನೂರಿಪ್ಪತ್ತು ಹೊಡತ. ಎಣಿಸಿದೆ.
ಇನ್ನೂರ ಮೂವತ್ತಕ್ಕ ಬಾಗಿಲ ತೆರೀತು.

ದಿನಾ ಬಿಟ್ಟು ದಿನಾ, ಐದು ಸರ್ತಿ.
ಕಡೀ ದಿವಸ ಒರಸಿಕೊಳ್ಳಾಕ ಟಾವೆಲ್ ಕೊಟ್ರು.
ಕೈ ತಾನ ಅಂಚಿಗೆ ಹೋತು. ಮಗುಚಿ ನೋಡಿದೆ.
ನಮ್ಮದಲ್ಲ. ಯಾವುದೋ ಬ್ಯಾರೆ ದೇಶದ್ದು.
ಅಂಚಿಗೆ ಜೋಡೆಳಿ ಹಾಕ್ಯಾರ. ಗಟ್ಟಿ ಅದ.
ಹೊರಗ ಕಾರಿನಾಗ ಯಾರೋಸ್ಲಾವ್ ಕಾಯಾಕ ಹತ್ತಿದ್ದ,
ನನ್ನ ಮಾರಿ ನೋಡಿದವನ ಅಂದ,
‘ಮೊದಲ ಮೂತ್ರಕ್ಕ ಹೋಗಿ ಬಾ.’

ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು.
ಹನ್ನೊಂದಿದ್ದದ್ದು ನಾಕಕ್ಕ ಇಳದದ. ಇನ್ನ ಇಳೀಬೇಕು.
ಹನ್ನೆರಡು ಮಗ್ಗ ನಡದಾವ.
ಎಂಟು ಮಗ್ಗದ ಜಾಗಾದಾಗ ಎಣ್ಣಿ ಕಲಿ ಉಳದದ.
ದಸ್ತಗೀರ ಅದನ್ನ ತುಳಿಯೂದಿಲ್ಲ,
ಸುತ್ತ ಹಾಕಿ ಹೋಗ್ತಾನ.

ಇಂದ ನಸಿಕಿನಾಗ ನಳಾ ಬಂತು.
ಭೌರಮ್ಮ ಕೊಡ ಒಡ್ಡಿದಳು, ನಾ ಪೈಪ ಹಿಡದೆ.
‘ಹೊರಗ ಚೆಲ್ಲಬ್ಯಾಡ್ರಿ’ ಅಂದಳು,
ಅಂದಾಕಿ ಸೆರಗು ಬಾಯಿಗಿಟ್ಟು
ನಗಾಕ ಹತ್ತಿದಳು.